ಮೀನಿನ ಕಿವಿ, ಅತ್ತೆಯ ಕಿವಿ

ಪಾಂಗಾಯಿ, ಲಿಫುಕ ದ್ವೀಪ, ಹಾಪೈ
೨೯ ಏಪ್ರಿಲ್ ೧೯೯೨, ಬುಧವಾರ ಬೆಳಿಗ್ಗೆ

ನನ್ನ ಮುದ್ದು ಪಿಸಿಲಾ,

ಹೇಗಿದ್ದೀಯ ಮಗಳೇ? ಕೆಮ್ಮು ನಿಂತಿತೇ? ಸುವಾದಲ್ಲಿ ಮಳೆ ಬಿಡುವೇ ಕೊಡುವುದಿಲ್ಲವೆಂದೂ, ನಿನ್ನ ಹಾಸ್ಟೆಲಿನ ಗೋಡೆಗೆ ಬೂಷ್ಟು ಹತ್ತಿದೆಯೆಂದೂ ನಿನ್ನಮ್ಮ ಲೂಪೆ ಕಣ್ಣಾರೆ ನೋಡಿ ಬಂದು ಹೇಳಿದ್ದಾಳೆ. ಹಾಸಿಗೆಯನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದುಕೊಂಡು ಮಲಗು. ಎದೆಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿಕೋ, ಅಮ್ಮನ ಕೈಯಲ್ಲಿ ಕಳಿಸಿದ ಡಬ್ಬಿ ಇನ್ನೂ ಖಾಲಿಯಾಗಿರಲಾರದು. ಇವೆರಡನ್ನು ಮಾತ್ರ ಅತ್ತೆಯ ಅಪ್ಪಣೆ ಎಂದು ತಿಳಿ. ಈ ಪತ್ರದಲ್ಲಿ ಇನ್ನು ಯಾವುದೂ ಅಪ್ಪಣೆಯಲ್ಲ. ಅದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆಂದು ಓದುತ್ತ ಹೋದರೆ ನಿನಗೇ ಗೊತ್ತಾಗುತ್ತದೆ.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನಪ್ಪನ ದೊಡ್ಡ ಹಂದಿ ಒಂಬತ್ತು ಮರಿ ಹಾಕಿದೆ, ಒಂದು ಉಳಿಯಲಿಲ್ಲ. ಚಾಪೆಗೆಂದು ಸಮುದ್ರದಲ್ಲಿ ನೆನೆಹಾಕಿದ್ದ ಕೇದಿಗೆ ಗರಿಗಳು ಈ ಸಲ ಹಾಲಿನಂತೆ ಬೆಳ್ಳಗಾಗಿವೆ. ಮೇಲೆ ಹೇರಿದ್ದ ಕಲ್ಲುಗಳನ್ನು ಯಾರದೋ ಮಕ್ಕಳು ಉರುಳಿಸಿ ಅರ್ಧ ಕಟ್ಟು ತೇಲಿಹೋಗಿತ್ತು. ನನ್ನ ಜೊತೆ ಹೆಣೆಯುವ ತೊಆಕಾಸೆ ಸೊಂಟದ ಮಟ್ಟ ನೀರಿಗಿಳಿದು, ಆ ಮಕ್ಕಳ ಅಪ್ಪಂದಿರನ್ನೆಲ್ಲ ಹೆಸರು ಹಿಡಿದು ಬೈಯುತ್ತ, ಒಂದೊಂದಾಗಿ ಎಳೆದು ತಂದಳು. ನನ್ನ ಮಂಡಿ ಪರವಾಗಿಲ್ಲ. ಕಿವಿಯ ವಿಷಯ ಆಮೇಲೆ ಹೇಳುತ್ತೇನೆ.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೇ ತಿಳಿದಿರುತ್ತದೆ. ಆಸ್ಪತ್ರೆಯ ನರ್ಸ್ ಕಲೋ ತರಬೇತಿಗೆಂದು ಸುವಾಕ್ಕೆ ಹೊರಟಿದ್ದಾಳೆ. ಇಂದು ಮೂರು ಗಂಟೆಯ ವಿಮಾನಕ್ಕೆ ಇಲ್ಲಿಂದ ಹೊರಟರೆ ನಾಳೆ ಸಂಜೆಯೊಳಗೆ ನಿನ್ನ ಹಾಸ್ಟೆಲಿನ ಬಾಗಿಲಲ್ಲಿರುತ್ತಾಳೆ. ಅಂಚೆಗೆ ಹಾಕಿದರೆ ಮುಂದಿನ ವಾರ ತಲುಪೀತು. ಫೋನು ಮಾಡೋಣವೆಂದರೆ ಕಛೇರಿಯಲ್ಲಿ ಹಿಂದೆ ಸಾಲು ನಿಂತವರೆಲ್ಲ ನಮ್ಮ ಮಾತಿಗೆ ತಲೆಯಾಡಿಸುತ್ತಾರೆ. ನಡುವೆ ಬಾಯಿ ಹಾಕಿ ನಿನ್ನ ಆರೋಗ್ಯ ವಿಚಾರಿಸುವವರೂ ಇದ್ದಾರೆ. ಇದು ಹಾಗೆ ಆಡುವ ಮಾತಲ್ಲ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ನೂಮೆಯಾದ ಕೆಲಸದ ಗಡುವು ಮುಗಿಯುತ್ತದೆ ಎಂದು ನೀನೇ ಬರೆದಿದ್ದೀಯ. ಅಷ್ಟರೊಳಗೆ ನೀನು ಇದನ್ನು ಓದಿರಬೇಕು. ಹಾಗಾಗಿ ಬೆಳಿಗ್ಗೆಯಿಂದ ನಾನು ಹೆಣೆಯಲೂ ಕೂತಿಲ್ಲ.

ನಿನ್ನ ಪತ್ರ ನಿನ್ನೆ ಮಂಗಳವಾರದ ವಿಮಾನದಲ್ಲಿ ಬಂತು. ಪದವಿಯ ದಿನದ ವರ್ಣನೆ ಓದಿ ನಕ್ಕೆ. ಕರಿಯ ನಿಲುವಂಗಿಯೊಳಗೆ ಬೆವರು ಕಾಲುವೆಯಾಗಿ ಇಳಿದದ್ದು, ನಿನ್ನಮ್ಮ ಯಾರದೋ ಪ್ರೊಫೆಸರರ ಕೊರಳಿಗೂ ಪೆಪ್ಪರ್‌ಮಿಂಟಿನ ಹಾರ ಹಾಕಿಬಿಟ್ಟದ್ದು, ಅವರು ಅದರಲ್ಲೊಂದನ್ನು ಬಿಚ್ಚಿ ಅಲ್ಲೇ ಬಾಯಿಗೆ ಹಾಕಿಕೊಂಡದ್ದು. ಮೂರು ಪುಟ ಹೀಗೆ ನಗಿಸಿ, ಕೊನೆಯ ಪುಟದ ಬುಡದಲ್ಲಿ, ಜಾಗ ಸಾಲದವಳಂತೆ ಸಣ್ಣ ಅಕ್ಷರದಲ್ಲಿ ನೀನು ಬರೆದದ್ದು ಇದು: “ಅತ್ತೆ, ನೀವು ಹೇಳಿದಂತೆಯೇ ಮಾಡಿದ್ದೇನೆ. ನೂಮೆಯಾದ ಕೆಲಸ ಬೇಡವೆಂದು ಬರೆದೆ. ಅಲ್ಲಿನ ಮುಖ್ಯಸ್ಥರು ಮೇ ಒಂದರ ಮಧ್ಯಾಹ್ನದವರೆಗೆ ಜಾಗ ಹಾಗೇ ಇಟ್ಟಿರುತ್ತಾರಂತೆ, ಆಮೇಲೆ ಸಾಲೊಮನ್ ದ್ವೀಪದ ಹುಡುಗನಿಗೆ ಕೊಡುತ್ತಾರಂತೆ. ಕೊಡಲಿ. ಮೇ ತಿಂಗಳ ಕೊನೆಗೆ ಹಡಗು ಹತ್ತುತ್ತೇನೆ. ನನಗೆ ಬೇಸರವಿಲ್ಲ.”

ನೀವು ಹೇಳಿದಂತೆಯೇ! ನಾನು ಯಾವಾಗ ಹೇಳಿದೆ, ಏನು ಹೇಳಿದೆ? ಚಾಪೆಯ ಮೇಲೆ ಕೂತು ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೂಮೆಯಾಕ್ಕೆ ಹೋಗಬೇಡವೆಂದು ನಾನು ನಿನಗೆ ಪತ್ರ ಬರೆದಿಲ್ಲ, ಯಾರ ಕೈಲೂ ಹೇಳಿ ಕಳಿಸಿಲ್ಲ.

ಮೊನ್ನೆ ಶನಿವಾರದ ಊಟದ ವಿಷಯ ನಿನಗಿನ್ನೂ ಯಾರೂ ಬರೆದಿರಲಾರರು, ಅದನ್ನು ಹೇಳುತ್ತೇನೆ. ಅಪ್ಪ ಅಮ್ಮ ಸುವಾದಿಂದ ಬಂದ ಮೇಲೆ ನಿನ್ನ ಪದವಿಯ ಸಂತೋಷಕ್ಕೆ ಊರಿಗೆ ಊಟ ಹಾಕಿದೆವು. ನೀನಿರಲಿಲ್ಲವಲ್ಲ, ನಿನ್ನ ದೊಡ್ಡ ಫೋಟೋವನ್ನು ಕುರ್ಚಿಯ ಮೇಲೆ ಕೂರಿಸಿ, ಕುರ್ಚಿಗೆ ನನ್ನ ಒಳ್ಳೆಯ ಚಾಪೆ ಹೊದಿಸಿ, ಕೊರಳಿಗೆ ಮಿಠಾಯಿ ಹಾರ ಹಾಕಿದೆವು. ಅರ್ಧ ಗಂಟೆಯಲ್ಲಿ ಇರುವೆ ಮುತ್ತಿಕೊಂಡು ನಿನ್ನ ಪದವಿಯ ಚೌಕ ಟೋಪಿಯವರೆಗೂ ಏರಿದವು. ಅವನ್ನು ಒರೆಸುವ ಕೆಲಸ ನನ್ನದಾಯಿತು. ಆಮೇಲೆ ಒಬ್ಬರ ಹಿಂದೊಬ್ಬರು ಎದ್ದು ಫೋಟೋಗೇ ಬುದ್ಧಿ ಹೇಳಲು ತೊಡಗಿದರು. ಪಾದ್ರಿಗಳು ವಿನಯದ ಮೇಲೆ ನಲವತ್ತು ನಿಮಿಷ ಮಾತನಾಡಿದರು, ಅದರಲ್ಲಿ ಮೂವತ್ತು ನಿಮಿಷ ಅವರ ಸ್ವಂತ ಓದಿನ ಕಥೆ. ಹೆಡ್ಮಾಸ್ಟರ್ ಫಿನೌ ನಿನ್ನ ಕಣ್ಣಲ್ಲಿ ಕಣ್ಣಿಟ್ಟು, ಪ್ರಮಾಣಪತ್ರವನ್ನು ಯಾವತ್ತೂ ಮಡಿಸಬಾರದು, ಪಿಂಚಣಿ ಇಲ್ಲದ ಕೆಲಸಕ್ಕೆ ಕೈ ಹಾಕಬಾರದು, ಜೇಬಲ್ಲಿ ಎರಡು ಪೆನ್ನು ಇರಬೇಕು, ಒಂದು ಕೇಳಿದವರಿಗೆ, ಇನ್ನೊಂದು ನಿನಗೆ ಎಂದರು. ಆಕ್ಲೆಂಡಿನಿಂದ ಬಂದಿದ್ದ ನಿನ್ನ ಸೋದರಮಾವ ಮಾಕಾ ತಾನು ಕುಡಿಯುತ್ತಿದ್ದ ಕಾವಾದ ಬಟ್ಟಲು ಹಿಡಿದೇ ಎದ್ದ. “ನೋಡು ಪಿಸಿ, ಡಿಗ್ರಿ ಇದೆ ಅಂತ ಮೊದಲ ತಿಂಗಳು ಯಾರ ಹತ್ರಾನೂ ಬಾಯಿಬಿಡ್ಬೇಡ. ಬೀಗದ ಕೈ ಯಾರ ಸೊಂಟದಲ್ಲಿದೆ ನೋಡ್ಕೊ, ಅವರ ಜೊತೆ ಕೂತು ಊಟ ಮಾಡು. ಸಾಹೇಬರು ಬರ್ತಾರೆ, ಹೋಗ್ತಾರೆ” ಎಂದ. ನನಗೆ ಅವನ ಮಾತೇ ಸರಿ ಎನ್ನಿಸಿತು, ಅವನೆದುರು ಒಪ್ಪಿಕೊಳ್ಳಲಿಲ್ಲ.

ಎಲ್ಲರೂ ನೀನು ನೂಮೆಯಾಕ್ಕೆ ಹೋಗುತ್ತೀಯ ಎಂದೇ ಮಾತನಾಡಿದರು. ಫ್ರೆಂಚರ ನಾಡು, ಹುಷಾರು ಎಂದರು. ನಮ್ಮನ್ನು ಮರೆಯಬೇಡ ಎಂದು ಅತ್ತವರೂ ಇದ್ದರು. ಅಷ್ಟು ಹೊತ್ತೂ ನಿನ್ನಪ್ಪ ಸೆಮಿಸಿ ಗಂಡಸರ ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದ. ಹೆತ್ತ ಕರುಳು, ಉಬ್ಬಿ ಬಂದಿರಬೇಕು ಅಂದುಕೊಂಡೆ. ಕೊನೆಗೆ ಅತ್ತೆ ಎರಡು ಮಾತು ಹೇಳಬೇಕು ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, ಹಂದಿ ಆರಿಹೋಗುತ್ತಿದೆ, ಊಟ ಮಾಡಿ ಎಂದೆ. ಎಲ್ಲರೂ ನಕ್ಕರು. ನಿನ್ನಪ್ಪ ನಗಲಿಲ್ಲ.

ಸರಿ, ನಿನ್ನ ಪತ್ರ ಓದಿದವಳೇ ನೇಯ್ಗೆಮನೆಗೆ ಹೋದೆ. ತೊಆಕಾಸೆ ಒಬ್ಬಳೇ ಗರಿ ಸೀಳುತ್ತ ಕೂತಿದ್ದಳು. ಅವಳಿಗೆ ನನ್ನದೇ ವಯಸ್ಸು, ನಾಲಿಗೆ ಮಾತ್ರ ನನ್ನದಕ್ಕಿಂತ ಉದ್ದ. ಪಿಸಿಲಾ ಬಗ್ಗೆ ನಾನು ಇಲ್ಲಿ ಕೂತು ಏನಾದರೂ ಅಂದದ್ದುಂಟೇ ಎಂದು, ಏನೂ ಅಲ್ಲವೆಂಬಂತೆ ಕೇಳಿದೆ. ಅವಳು ಚಾಕು ಕೆಳಗಿಡಲೂ ಇಲ್ಲ. ಕ್ರಿಸ್‌ಮಸ್ ರಜೆಯಲ್ಲಿ ನೀನು ಬೆಂಕಿಪೊಟ್ಟಣದಲ್ಲಿ ಮೀನಿನ ಕಿವಿಯೊಳಗಿನ ಎರಡು ಕಲ್ಲು ತಂದು ನಮಗೆಲ್ಲ ತೋರಿಸಿದ್ದನ್ನು ನೆನಪಿಸಿದಳು. ಆ ಕಲ್ಲನ್ನು ತೆಳ್ಳಗೆ ಸೀಳಿ ಗಾಜಿನಡಿ ಇಟ್ಟರೆ ಮರದ ಕಾಂಡದಲ್ಲಿರುವಂತೆ ಸುತ್ತುಗಳು ಕಾಣುತ್ತವೆ, ಒಂದೊಂದು ಸುತ್ತು ಒಂದೊಂದು ವರ್ಷ, ಅದನ್ನು ಓದಲು ನೂಮೆಯಾದಲ್ಲಿ ಒಂದು ದೊಡ್ಡ ಕೇಂದ್ರವೇ ಇದೆ, ಅಲ್ಲಿಗೆ ನಿನ್ನನ್ನು ಕರೆಯಬಹುದು ಎಂದು ನೀನು ಹೇಳಿದೆಯಂತೆ. ಮೀನಿಗೆ ಕಿವಿ ಉಂಟೇ ಎಂದು ತೊಆಕಾಸೆ ಕೇಳಿದಳಂತೆ. ಆಗ ನಾನು ಅಂದದ್ದನ್ನು ಅವಳು ನನ್ನದೇ ದನಿಯಲ್ಲಿ ಆಡಿ ತೋರಿಸಿದಳು.

“ಮೀನಿನ ಕಿವಿ ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ? ನನ್ನ ಕಿವಿನೇ ಕೇಳಿಸ್ತಿಲ್ಲ. ಇಲ್ಲೇ ಇದ್ದು ಅದನ್ನ ನೋಡ್ಕೊ.”

ಹನ್ನೊಂದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅದೊಂದು ತಮಾಷೆ, ಅಷ್ಟೇ ತಾನೇ ಎಂದೆ. ತೊಆಕಾಸೆ ಆಗ ಚಾಕು ಕೆಳಗಿಟ್ಟಳು. “ನಾನಂದ್ರೆ ತಮಾಷೆ ಕಣೇ. ನೀನು ಅವರಪ್ಪನ ಅಕ್ಕ. ಹುಡುಗಿ ಪೊಟ್ಟಣ ಮುಚ್ಚಿಬಿಟ್ಲು. ಅದನ್ನ ಮತ್ತೆ ತೆಗೀಲೇ ಇಲ್ಲ, ನಾನು ನೋಡ್ದೆ” ಎಂದಳು.

ಇದನ್ನು ನಿನಗೆ ವಿವರಿಸಬೇಕಾಗಿಲ್ಲ. ನೀನು ಹುಟ್ಟಿದಾಗ ನಿನಗೆ ಹೆಸರಿಟ್ಟವಳು ನಾನು. ನಿನ್ನ ಮೊದಲ ಕೂದಲು ಕತ್ತರಿಸಿದವಳು ನಾನು. ನಿಮ್ಮ ಮನೆಯಲ್ಲಿ ಕೇಕು ಕತ್ತರಿಸಿದರೆ ಮೊದಲ ತುಂಡು ನನ್ನ ತಟ್ಟೆಗೆ ಬರುತ್ತದೆ, ಬೇಡವೆಂದರೂ ಬರುತ್ತದೆ. ಅತ್ತೆಯ ಮಾತು ಮೀರಿದವರಿಗೆ ಮಕ್ಕಳಾಗುವುದಿಲ್ಲ, ಅವರ ಬಲೆಗೆ ಮೀನು ಬೀಳುವುದಿಲ್ಲ ಎಂದು ಊರೆಲ್ಲ ನಂಬುತ್ತದೆ. ಪಾದ್ರಿಗಳೂ ನಂಬುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಅರುವತ್ತೊಂದು ವರ್ಷ ಈ ಗೌರವವನ್ನು ಒಳ್ಳೆಯ ಬಟ್ಟೆಯ ಹಾಗೆ ಉಟ್ಟುಕೊಂಡು ಓಡಾಡಿದ್ದೇನೆ, ಹಿತವಾಗಿಯೇ ಇತ್ತು.

ನಿನ್ನಪ್ಪನನ್ನು ಕೇಳೋಣವೆಂದರೆ ಅವನು ನನ್ನ ತಮ್ಮ. ಹನ್ನೆರಡು ತುಂಬಿದ ಮೇಲೆ, ನಮ್ಮ ಅಕ್ಕ ತಮ್ಮಂದಿರ ರೂಢಿಯಂತೆ, ಅವನು ನನ್ನೊಂದಿಗೆ ಒಂದೇ ಸೂರಿನಡಿ ಮಲಗಿಲ್ಲ, ನನ್ನ ಮುಖಕ್ಕೆ ಮುಖ ಕೊಟ್ಟು ಮಾತಾಡಿಲ್ಲ, ನಾನು ಒಳಗೆ ಬಂದರೆ ಅವನು ಹೊರಗೆ. ಅಕ್ಕನ ಮಾತು ತಪ್ಪು ಎಂದು ಹೇಳುವುದಕ್ಕಿಂತ ಅವನು ನಾಲಿಗೆ ಕಡಿದುಕೊಂಡಾನು. ಹಾಗಾಗಿ ನಿನ್ನೆ ಸಂಜೆ ಅವನು ಹಂದಿಗೂಡಿನ ಕಡೆ ಹೋದದ್ದು ನೋಡಿಕೊಂಡು ನಿಮ್ಮ ಮನೆಗೆ ಹೋದೆ. ನಿನ್ನಮ್ಮ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದಳು. ನನಗೆ ಚಾಪೆ ಹಾಸಿದಳು, ನಾನು ಕೂತೆ. ಎಂದಿನಂತೆ ಅವಳೂ ಕೆಳಗೆ ಕೂರಬೇಕಿತ್ತು, ಕೂರಲಿಲ್ಲ. ಒಗೆದ ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಪಿಸಿಲಾ ಕೆಲಸ ಬೇಡವೆಂದಳಂತಲ್ಲ, ನಿನಗೆ ಗೊತ್ತಿತ್ತೇ ಎಂದು ಕೇಳಿದೆ.

“ಅಕ್ಕ, ಇಪ್ಪತ್ತಾರು ವರ್ಷದಲ್ಲಿ ನಿಮ್ಮೆದುರು ನಾನು ನಿಂತು ಮಾತಾಡಿಲ್ಲ. ಇವತ್ತು ನಿಂತೇ ಹೇಳ್ತೀನಿ. ಅವಳು ಆ ಕಾಗದ ಡಬ್ಬಕ್ಕೆ ಹಾಕ್ದಾಗ ನಾನು ಪಕ್ಕದಲ್ಲೇ ಇದ್ದೆ. ಬಂದು ನಗ್ತಾ ನಗ್ತಾ ನಮ್ಮಿಬ್ಬರಿಗೂ ಚಹಾ ಮಾಡ್ಕೊಟ್ಲು. ಆಮೇಲೆ ಬಚ್ಚಲಿಗೆ ಹೋಗಿ ಒಂದು ಗಂಟೆ ನಲ್ಲಿ ಬಿಟ್ಕೊಂಡು ಕೂತಿದ್ಲು. ಹೊರಗಡೆ ನಾನು ಟವೆಲ್ ಹಿಡ್ಕೊಂಡು ನಿಂತಿದ್ದೆ. ನೀರಿನ ಸದ್ದು ಬಿಟ್ರೆ ಏನೂ ಕೇಳಿಸ್ಲಿಲ್ಲ. ನೀವು ಯಾವತ್ತಾದ್ರೂ ಆ ಹುಡುಗಿನ, ನಿಂಗೇನು ಬೇಕು ಅಂತ ಕೇಳಿದ್ದೀರಾ?”

ಅಷ್ಟು ಹೇಳಿ ಅವಳೇ ಬೆದರಿದಳು. ಬಟ್ಟೆಯ ರಾಶಿಯೊಂದಿಗೆ ಹಾಗೆಯೇ ನೆಲಕ್ಕೆ ಕುಸಿದು, ತಪ್ಪಾಯಿತು ಎಂದು ಅಳತೊಡಗಿದಳು. ಚೆದುರಿದ ಬಟ್ಟೆಗಳನ್ನು ಎತ್ತಿ ಅವಳ ಮಡಿಲಿಗಿಟ್ಟೆ. ಎದ್ದು ಮನೆಗೆ ಬಂದೆ. ದಾರಿಯಲ್ಲಿ ನಿನ್ನಪ್ಪ ಎದುರಾದ. ರೂಢಿಯಂತೆ ಪಕ್ಕಕ್ಕೆ ಸರಿದು ನಿಂತ, ಕಣ್ಣು ಕೆಂಪಾಗಿತ್ತು. ಇಷ್ಟು ದಿನವೂ ಅವನಿಗೆ ಗೊತ್ತಿತ್ತು, ನನ್ನ ಮಾತಿಗೆ ಎದುರಾಡಲಾರದೆ ಸುಮ್ಮನಿದ್ದ. ನನಗೆ ಅವನ ಮೇಲೆ ಸಿಟ್ಟು ಬಂತು, ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು.

ನನ್ನ ಸೋದರತ್ತೆ ವಿಕಾಳ ವಿಷಯ ನಿನಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನನಗೆ ಹದಿನೇಳು. ನೂಕುಅಲೋಫದ ಶಿಕ್ಷಕರ ಕಾಲೇಜಿಗೆ ಹಾಪೈಯಿಂದ ಆಯ್ಕೆಯಾದದ್ದು ಇಬ್ಬರೇ, ಅದರಲ್ಲಿ ಒಬ್ಬಳು ನಾನು. ಗುರುವಾರ ಹಡಗು. ನನ್ನ ಪೆಟ್ಟಿಗೆ ಬುಧವಾರವೇ ಬಂದರು ಸೇರಿತ್ತು. ಆವತ್ತು ಸಂಜೆ ಎಲ್ಲರೂ ಕೂತು ದೀವಿ ಹಲಸಿನಕಾಯಿ ಸಿಪ್ಪೆ ತೆಗೆಯುತ್ತಿದ್ದೆವು. ವಿಕಾ ಅತ್ತೆ ಕಾಲು ಚಾಚಿಕೊಂಡು, “ಇವಳು ಹೋದ್ರೆ ನನ್ನ ಕಾಲು ಒತ್ತೋರು ಯಾರು?” ಎಂದರು. ಸಿಪ್ಪೆ ತೆಗೆಯುವುದು ಮುಗಿಯಿತು, ಊಟವಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಪೆಟ್ಟಿಗೆ ಮನೆಯ ಮೂಲೆಯಲ್ಲಿತ್ತು, ಅಪ್ಪ ಹೋಗಿ ಹೊತ್ತು ತಂದಿದ್ದರು. ನಾನು ಯಾಕೆ ಎಂದು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದಿನಿಂದ ಇಪ್ಪತ್ತಮೂರು ವರ್ಷ ಅತ್ತೆಯ ಕಾಲು ಒತ್ತಿದೆ.

ಅವರು ಸಾಯುವ ವಾರ ನಾನೇ ಪಕ್ಕದಲ್ಲಿದ್ದೆ. ಬುದ್ಧಿ ನೆಟ್ಟಗಿತ್ತು. ನನ್ನ ಕೈ ಹಿಡಿದುಕೊಂಡು, “ಹೆಪಿ, ನೀನ್ಯಾಕೆ ಆವಾಗ ಓದೋಕೆ ಹೋಗ್ಲಿಲ್ಲ? ನಂಗೆ ಯಾವಾಗ್ಲೂ ಅನ್ಸೋದು, ಕೇಳ್ಬೇಕು ಅಂತ. ಹೆದರ್ಕೊಂಡ್ಯಾ?” ಎಂದರು. ಅವರಿಗೆ ನೆನಪೇ ಇರಲಿಲ್ಲ, ಮಗಳೇ. ಅವರ ಮಾತನ್ನು ಇಪ್ಪತ್ತಮೂರು ವರ್ಷ ನಾನು ಹೊತ್ತೆ, ಅವರು ಮಾತ್ರ ಅದನ್ನು ಆ ಸಿಪ್ಪೆಗಳ ಜೊತೆಗೇ ಹಂದಿಗೆ ಹಾಕಿ ಮರೆತುಬಿಟ್ಟಿದ್ದರು. ಹೌದು ಅತ್ತೆ, ಹೆದರಿಕೊಂಡೆ ಎಂದೆ. ಅವರು ನನ್ನ ಕೈ ತಟ್ಟಿ ಸಮಾಧಾನ ಮಾಡಿದರು.

ನನಗೆ ಬೇರೆ ಬದುಕು ಸಿಗಲಿಲ್ಲವೆಂದು ಗೋಳಾಡುತ್ತಿಲ್ಲ. ನೇಯ್ಗೆ ನನಗೆ ಅನ್ನ ಕೊಟ್ಟಿದೆ, ಹೆಸರು ಕೊಟ್ಟಿದೆ. ದೊರೆಯ ಮಗಳ ಮದುವೆಗೆ ಹೋದದ್ದು ನನ್ನ ಕೈಯ ಚಾಪೆ. ಆದರೆ ಅದನ್ನು ನಾನು ಆರಿಸಿಕೊಳ್ಳಲಿಲ್ಲ. ಈಗಲೂ ಶಾಲೆಯ ಗಂಟೆ ಹೊಡೆದಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ನಡೆಯುತ್ತದೆ. ಪಕ್ಕದಲ್ಲಿ ಕೂತ ತೊಆಕಾಸೆಗೂ ಅದು ಗೊತ್ತಿಲ್ಲ.

ಈಗ ನಿನಗೇನು ಬರೆಯಲಿ? ಬೆಳಿಗ್ಗೆಯಿಂದ ಇದು ಮೂರನೆಯ ಪತ್ರ. ಮೊದಲನೆಯದರಲ್ಲಿ ‘ಹೋಗು’ ಎಂದು ಬರೆದಿದ್ದೆ. ಓದಿ ನೋಡಿದೆ. ನೀನು ಖಂಡಿತ ಹೋಗುತ್ತೀಯ, ಅತ್ತೆ ಹೇಳಿದರು ಎಂದು ಹೋಗುತ್ತೀಯ. ಅಲ್ಲಿ ಊಟ ಸೇರದಿದ್ದರೂ, ಮಾತು ತಿಳಿಯದಿದ್ದರೂ, ಕೆಲಸವೇ ಬೇಸರ ತಂದರೂ ಅತ್ತೆ ಹೇಳಿದ್ದಾರೆ ಎಂದು ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತೀಯ. ಅದು ನನ್ನ ಪೆಟ್ಟಿಗೆಯನ್ನು ಹೊತ್ತು ತಂದಷ್ಟೇ ತಪ್ಪು, ದಾರಿ ಮಾತ್ರ ತಿರುಗು ಮುರುಗು. ಹರಿದು ಹಾಕಿದೆ. ಎರಡನೆಯದರಲ್ಲಿ ‘ನಿನ್ನಿಷ್ಟ’ ಎಂದು ಬರೆದೆ. ಅತ್ತೆಯಾದವಳು ನಿನ್ನಿಷ್ಟ ಎಂದರೆ ಸಿಟ್ಟಾಗಿದ್ದಾಳೆ ಎಂದೇ ನಮ್ಮ ಮಕ್ಕಳು ಓದಿಕೊಳ್ಳುವುದು. ಅದನ್ನೂ ಹರಿದೆ. ನನ್ನ ಬಾಯಿಂದ ಏನು ಬಂದರೂ ಅದು ಅಪ್ಪಣೆಯಾಗಿಯೇ ನಿನ್ನ ಕಿವಿಗೆ ಬೀಳುತ್ತದೆ. ಆ ದಿನ ಊಟದಲ್ಲಿ ಮಾಕಾ ಮನಸ್ಸು ಬಿಚ್ಚಿ ಬುದ್ಧಿ ಹೇಳಿದ. ಅವನು ಅಮ್ಮನ ಕಡೆಯವನು, ಅವನ ಮಾತನ್ನು ನೀನು ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ನಕ್ಕು ಬಿಡಬಹುದು. ನನಗೆ ಆ ಭಾಗ್ಯವಿಲ್ಲ. ಅವನ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಆದ್ದರಿಂದ ಕಸುಬಿನ ಮಾತೊಂದನ್ನು ಹೇಳುತ್ತೇನೆ. ಇದನ್ನು ಅತ್ತೆಯ ಮಾತೆಂದು ಓದಬೇಡ, ನಿನ್ನ ಪಕ್ಕ ಕೂತು ಹೆಣೆಯುವ ಯಾರೋ ಹೆಂಗಸಿನ ಮಾತೆಂದು ಓದು. ಚಾಪೆಯಲ್ಲಿ ಹತ್ತು ಸಾಲಿನ ಹಿಂದೆ ತಪ್ಪು ಕಂಡರೆ ಹೊಸಬರು ಅದನ್ನು ಮುಚ್ಚಿ ಮುಂದೆ ಹೋಗುತ್ತಾರೆ, ಅಷ್ಟು ಹೆಣೆದದ್ದು ವ್ಯರ್ಥವಾಗುತ್ತದೆಂಬ ಹೆದರಿಕೆ. ಬಿಚ್ಚಿದರೆ ಗರಿ ಹಾಳಾಗುವುದಿಲ್ಲ. ಮಡಿಕೆಯ ಗೆರೆ ಉಳಿದಿರುತ್ತದೆ, ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದರೆ ಅದೂ ಮಲಗುತ್ತದೆ. ನೀನು ನೂಮೆಯಾಕ್ಕೆ ಬರೆದದ್ದನ್ನು ಬಿಚ್ಚಬಹುದು. ಬಿಚ್ಚಲೂಬೇಕಾಗಿಲ್ಲ. ಇಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುವವರು ಇಲ್ಲ, ನೀನು ಬಂದರೆ ಮಕ್ಕಳು ಕುಣಿದಾಡುತ್ತಾರೆ. ನಿನಗೆ ಅದೇ ಬೇಕಿದ್ದರೆ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಬಚ್ಚಲಿನಲ್ಲಿ ಒಂದು ಗಂಟೆ ಕೂತವಳಿಗೆ ಏನು ಬೇಕಿತ್ತೆಂದು ನನಗೆ ಗೊತ್ತಿಲ್ಲ. ನಿನ್ನಮ್ಮನಿಗೂ ನೀರಿನ ಸದ್ದಷ್ಟೇ ಕೇಳಿಸಿದೆ.

ನನ್ನಿಂದ ಆಗುವುದಿಷ್ಟು. ಇಂದು ಹತ್ತು ಗಂಟೆಗೆ ನೇಯ್ಗೆಮನೆಯ ಬಾಗಿಲಲ್ಲಿ ನಿಂತು, ಹನ್ನೊಂದು ಹೆಂಗಸರ ಎದುರಿಗೆ, ಕ್ರಿಸ್‌ಮಸ್‌ನಲ್ಲಿ ನಾನು ಪಿಸಿಲಾಗೆ ಅಂದ ಮಾತು ನನ್ನ ತಪ್ಪು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಅವಳು ಏನು ಮಾಡಿದರೂ ಅದು ಅವಳದೇ ನಿರ್ಧಾರ ಎಂದು ಹೇಳಿ ಬಂದೆ. ಯಾರೂ ನಗಲಿಲ್ಲ. ಅತ್ತೆಯೊಬ್ಬಳು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಆ ಮನೆಯಿರಲಿ, ಈ ಊರೇ ಕೇಳಿರಲಿಲ್ಲ. ಸಂಜೆಯೊಳಗೆ ಊರೆಲ್ಲ ಹಬ್ಬಿರುತ್ತದೆ, ತೊಆಕಾಸೆ ಇದ್ದಾಳಲ್ಲ. ಇನ್ನು ಮೇಲೆ ಯಾರೂ ನಿನ್ನ ಮುಂದೆ ನನ್ನ ಹೆಸರು ಎತ್ತುವುದಿಲ್ಲ. ನೀನು ಹೋಗದಿದ್ದರೆ ‘ನನಗೆ ಇಷ್ಟವಾಗಲಿಲ್ಲ’ ಎಂದು ಹೇಳು. ಹೋದರೆ ‘ನನಗೆ ಬೇಕಿತ್ತು’ ಎಂದು ಹೇಳು. ಬೇರೆ ಏನು ಹೇಳಿದರೂ ನಾನು ಒಪ್ಪುವುದಿಲ್ಲ. ನೋಡು, ಮತ್ತೆ ಅಪ್ಪಣೆಯೇ ಆಯಿತು. ಈ ನಾಲಿಗೆಯನ್ನು ಏನು ಮಾಡಲಿ?

ನೀನು ನನ್ನ ಕಪಾಟಿನ ಮೇಲೆ ಬಿಟ್ಟುಹೋದ ಬೆಂಕಿಪೊಟ್ಟಣವನ್ನೂ ಕಲೋ ಕೈಲಿ ಕೊಡುತ್ತಿದ್ದೇನೆ. ಎರಡೂ ಕಲ್ಲು ಒಳಗಿವೆ, ಹತ್ತಿಯಲ್ಲಿ ಸುತ್ತಿದ್ದೇನೆ.

ನಿನ್ನ ಗೆಳತಿಯರಿಗೆ, ಹಾಸ್ಟೆಲಿನ ಆ ಮುದುಕಿ ಮೇಟ್ರನ್ನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನಪ್ಪ ಬಾಗಿಲ ಹೊರಗೆ ನಿಂತು, ಮಗಳಿಗೆ ಮುತ್ತು ಎಂದು ಬರೆಯಲು ಹೇಳಿ ಹೋದ, ಒಳಗೆ ಬರಲಿಲ್ಲ. ದೇವರು ನಿನ್ನ ಕಣ್ಣಿಗೆ ಬೆಳಕು, ಕೈಗೆ ಕೆಲಸ ಕೊಡಲಿ. ಎಲ್ಲಿದ್ದರೂ ನಿನ್ನ ಬಟ್ಟಲು ತುಂಬಿರಲಿ.

ನಿನ್ನ ಅತ್ತೆ,
ಹೆಪಿಸಿಪಾ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಹರಿದು ತೆಗೆದು ಬರೆಯುತ್ತಿದ್ದೇನೆ. ಕಲೋ ಸೈಕಲ್ಲಿನ ಗಂಟೆ ಬಾರಿಸುತ್ತ ಗೇಟಿನಲ್ಲಿ ನಿಂತಿದ್ದಾಳೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿನ್ನ ಪತ್ರ ಬಂದದ್ದು ನಿನ್ನೆಯ ಮಂಗಳವಾರವಲ್ಲ, ಅದರ ಹಿಂದಿನ ಮಂಗಳವಾರ. ಶನಿವಾರ ನಿನ್ನ ಫೋಟೋದ ಪಕ್ಕ ಕೂತು ಇರುವೆ ಒರೆಸುತ್ತಿದ್ದಾಗ ಅದು ನಾನು ಊಟಕ್ಕೆಂದು ಸೊಂಟಕ್ಕೆ ಸುತ್ತಿಕೊಂಡಿದ್ದ ಚಾಪೆಯ ಮಡಿಕೆಯಲ್ಲಿತ್ತು. ತೊಆಕಾಸೆಯನ್ನು ಕೇಳಲು ಹೋದದ್ದೂ ಪತ್ರ ಬಂದ ಆ ಮಂಗಳವಾರವೇ. ನಾನು ಏನು ಹೇಳಿದೆನೆಂದು ತಿಳಿಯುವುದಕ್ಕಲ್ಲ, ಅವಳಿಗೆ ಮರೆತಿದೆಯೇ ಎಂದು ನೋಡುವುದಕ್ಕೆ. ವಿಕಾ ಅತ್ತೆಗೆ ನಿಜವಾಗಿಯೂ ಮರೆತಿತ್ತು, ನನಗೆ ಒಂದು ದಿನವೂ ಮರೆತಿರಲಿಲ್ಲ. ಎಡಗಿವಿ ಪೂರ್ತಿ ಹೋಗಿದೆ ಮಗಳೇ, ಯಾರಿಗೂ ಹೇಳಿಲ್ಲ. ಒಬ್ಬಳೇ ಕಿವುಡಿಯಾಗಿ ಕೂರುವುದಕ್ಕೆ ಹೆದರಿ ಆ ಮಾತು ಆಡಿದೆ, ಅವರು ನಕ್ಕಿದ್ದರಿಂದ ಅದು ತಮಾಷೆಯಾಯಿತು. ನೀನು ಬೆಂಕಿಪೊಟ್ಟಣ ಮುಚ್ಚಿದ ಸದ್ದು ಬಲಗಿವಿಗೆ ಚೆನ್ನಾಗಿ ಕೇಳಿಸಿತ್ತು. ಎಂಟು ದಿನ ಸುಮ್ಮನಿದ್ದೆ. ಇನ್ನು ಎರಡು ದಿನ ಸುಮ್ಮನಿದ್ದರೆ ಗಡುವು ತಾನಾಗಿ ದಾಟಿಹೋಗುತ್ತಿತ್ತು, ನೀನು ಮನೆಗೆ ಬರುತ್ತಿದ್ದೆ. ನಿನ್ನೆ ಲೂಪೆ ನಿಂತು ಮಾತಾಡದಿದ್ದರೆ ಹಾಗೆಯೇ ಮಾಡುತ್ತಿದ್ದೆ.

ಶುಕ್ರವಾರ ನಮ್ಮ ಹತ್ತು ಗಂಟೆಗೆ, ನಿನಗೆ ಒಂಬತ್ತು, ಟೆಲಿಫೋನ್ ಕಛೇರಿಗೆ ಕರೆ ಮಾಡು. ಸಾಲಿನವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಫೋನನ್ನು ಬಲಗಿವಿಗೆ ಹಿಡಿದು ನಿಂತಿರುತ್ತೇನೆ. ನಿನಗೇನು ಬೇಕೋ ಹೇಳು. ನಾನು ಒಂದು ಮಾತೂ ಆಡುವುದಿಲ್ಲ.